ನೊರೆಗೆ ಕೊಡದ ಅಂಕ

"ನೊರೆಗೆ ಆಯಸ್ಸಿಲ್ಲ ಅಂತ ಬರೆದ ಮಹಾತಾಯಿ ನೀನೇನಾ?"

ಕೌಂಟರಿನ ಹಿಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು ಬ್ರೂವರಿ ನಡೆಸುವವನ ಅಕ್ಕ. ನಾನು ಬ್ಯಾಗು ಕೆಳಗಿಟ್ಟೆ. "ನಾನೇ. ಬೇಕಾದ್ರೆ ಇನ್ನೊಂದು ಸಲ ಬರೀತೀನಿ."

ಊರೂರು ಸುತ್ತಿ, ಸಣ್ಣ ಸಣ್ಣ ಬ್ರೂವರಿಗಳ ಬಿಯರ್ ಕುಡಿದು, ಮಾಸಪತ್ರಿಕೆಗೆ ಬರೆಯುವುದು ನನ್ನ ಕೆಲಸ. ಕೇಳಿದವರೆಲ್ಲ ಪುಣ್ಯವಂತೆ ಅನ್ನುತ್ತಾರೆ. ಬೆಳಗ್ಗೆ ಹನ್ನೊಂದಕ್ಕೆ ಕಹಿ ಬಿಯರ್ ಕುಡಿದು ಬಸ್ಸು ಹತ್ತಿ ನೋಡಲಿ, ಗೊತ್ತಾಗುತ್ತದೆ! ಬಣ್ಣ, ವಾಸನೆ, ರುಚಿ, ನೊರೆ ಎಲ್ಲಕ್ಕೂ ಅಂಕ ಕೊಡುತ್ತೇನೆ. ನಾಲ್ಕು ವರ್ಷದಲ್ಲಿ ನೊರೆಗೆ ಮಾತ್ರ ಒಬ್ಬರಿಗೂ ಪೂರ್ತಿ ಅಂಕ ಕೊಟ್ಟವಳಲ್ಲ. ಕಟ್ಟುನಿಟ್ಟಿನವಳು ಎಂಬ ಹೆಸರು ಬಂದಿದೆ. ಆ ಹೆಸರು ಬಿಟ್ಟರೆ ನನಗೆ ಬೇರೆ ಆಸ್ತಿ ಇಲ್ಲ.

ಇಲ್ಲಿಗೆ ಮೊದಲು ಬಂದದ್ದು ಹಿಂದಿನ ತಿಂಗಳು. ಹುರಿದ ಬಾರ್ಲಿಯ ಘಮ, ಕೊನೆಯಲ್ಲಿ ನಾಲಿಗೆಗೆ ತೆಳ್ಳಗೆ ಕಹಿ. ನಿಜ ಹೇಳುತ್ತೇನೆ, ಅಷ್ಟು ಇಷ್ಟವಾದ ಬಿಯರ್ ಇನ್ನೊಂದಿಲ್ಲ. ಅದನ್ನು ಮಾಡಿದವನೂ ಇಷ್ಟವಾಗಿಬಿಟ್ಟಿದ್ದ. ಅದಕ್ಕೇ, ಪಕ್ಷಪಾತ ಆಗಬಾರದೆಂದು ಇನ್ನಷ್ಟು ಬಿಗಿಯಾಗಿ ಬರೆದಿದ್ದೆ. ಅವನು ತುಟಿಪಿಟಕ್ಕೆನ್ನಲಿಲ್ಲ. ಆಗ ಊರಲ್ಲಿಲ್ಲದ ಅಕ್ಕ ಪತ್ರಿಕೆ ಓದಿ, ಫೋನ್ ಮಾಡಿ ಝಾಡಿಸಿದ್ದಳು: "ಧೈರ್ಯ ಇದ್ರೆ ನನ್ನೆದುರು ಕೂತು ಕುಡಿ."

ಬಂದಿದ್ದೆ. ಧೈರ್ಯಕ್ಕೇನು ಕಮ್ಮಿ?

ಒಳಗಿನಿಂದ ಅವನು ಬಂದ. ಮೊಣಕಾಲವರೆಗೆ ರಬ್ಬರ್ ಬೂಟು, ಒದ್ದೆ ತೋಳು. ನನ್ನನ್ನು ನೋಡಿ, ಥಟ್ಟನೆ ನೆಲ ನೋಡಿದ. "ಬೇಡ ಅಂದಿದ್ದೆ ಅಕ್ಕಂಗೆ," ಎಂದ.

ಅಕ್ಕ ಒಂದೇ ನಲ್ಲಿಯಿಂದ ಮೂರು ಗ್ಲಾಸು ತುಂಬಿದಳು. ಮೂವರೂ ಕುಡಿದೆವು. ಎರಡೇ ಗುಟುಕಿಗೆ ನನ್ನ ನೊರೆ ಮಾಯ. ಅವರಿಬ್ಬರದು ದಪ್ಪಗೆ ಹಾಗೇ ನಿಂತಿತ್ತು.

"ನನ್ನ ಗ್ಲಾಸಿಗೆ ಸೋಪು ಮೆತ್ತಿದೆ, ಅದಕ್ಕೇ ನೊರೆ ನಿಲ್ಲಲಿಲ್ಲ," ಎಂದೆ.

ಅವನು ತನ್ನ ಗ್ಲಾಸನ್ನೇ ನನ್ನತ್ತ ಸರಿಸಿದ. ಅವನು ಕುಡಿದ ಗ್ಲಾಸು! ಕಿವಿ ಬಿಸಿಯಾಯಿತು, ಆದರೂ ಕುಡಿದೆ. ಆ ನೊರೆಯೂ ಸತ್ತಿತು.

ಅಕ್ಕ ನನ್ನ ಮುಖದ ಹತ್ತಿರ ಬಗ್ಗಿದಳು. "ತುಟಿಗೇನು ಹಚ್ಚಿದೀಯ?"

"ಲಿಪ್ ಬಾಮ್. ಬಸ್ಸಿನ ಗಾಳಿಗೆ ತುಟಿ ಒಡೆಯುತ್ತೆ. ಅದಿಲ್ಲದೆ ನಾನು ಮನೆಯಿಂದ ಹೊರಡೋದೇ ಇಲ್ಲ."

"ಅಯ್ಯೋ ನಿನ್ನ! ಎಣ್ಣೆ ಪಸೆ ತಾಗಿದ್ರೆ ನೊರೆ ಉಳಿಯುತ್ತೇನೇ? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ನೀನು ಬರೆದ ಮೇಲೆ ಎರಡು ಹೋಟೆಲಿನವರು ನಮ್ಮ ಬಿಯರ್ ಬೇಡ ಅಂದ್ರು, ಗೊತ್ತಾ?"

ತುಟಿ ತಿಕ್ಕಿ ತೊಳೆದು ಬಂದು, ಹೊಸ ಗ್ಲಾಸಿನಲ್ಲಿ ಕುಡಿದೆ. ನೊರೆ ಗ್ಲಾಸಿನ ತಳದವರೆಗೂ ಜೊತೆಗೇ ಇಳಿದು ಬಂತು. ನಾನು ಇಂಗು ತಿಂದ ಮಂಗನಂತೆ ಕೂತೆ. ನಾಲ್ಕು ವರ್ಷ! ಎಷ್ಟು ಜನರ ದುಡಿಮೆಗೆ ಕಲ್ಲು ಹಾಕಿದ್ದೆನೋ.

ಸಿಟ್ಟೆಲ್ಲ ಅವನ ಮೇಲೆ ತಿರುಗಿತು. "ನಿಮಗೆ ಗೊತ್ತಿತ್ತು, ಅಲ್ವಾ?"

"ಅವತ್ತೇ ಗೊತ್ತಾಯ್ತು."

"ಮತ್ತೆ ಬಾಯಿಗೆ ಬೀಗ ಹಾಕ್ಕೊಂಡಿದ್ರಾ?"

"ಹೇಳಿದ್ರೆ, ಹೇಗೆ ಗೊತ್ತಾಯ್ತು ಅಂತ ಕೇಳ್ತಿದ್ರಿ." ಅವನು ಕತ್ತು ತುರಿಸಿಕೊಂಡ. "ಅರ್ಧ ಗಂಟೆ ನಿಮ್ಮ ತುಟೀನೇ ನೋಡ್ತಾ ಕೂತಿದ್ದೆ ಅಂತ ಹೇಳೋಕಾಗುತ್ತಾ?"

ಅಕ್ಕನಿಗೆ ಇದ್ದಕ್ಕಿದ್ದಂತೆ ಒಳಗೆ ಏನೋ ಕೆಲಸ ನೆನಪಾಯಿತು.

ಅವನು ದನಿ ತಗ್ಗಿಸಿದ. "ಇದು ಹೊರಗೆ ಹೋಗೋದು ಬೇಡ. ಮುಂದಿನ ಸಂಚಿಕೇಲಿ 'ನೊರೆ ಸುಧಾರಿಸಿದೆ' ಅಂತ ಬರೀರಿ, ಸಾಕು. ತಪ್ಪು ನಂದೇ ಆಗಲಿ. ನಿಮ್ಮ ಹೆಸರು ಕೆಡೋದು ಬೇಡ."

ಬರೆದರೆ ನಾನು ಬಚಾವು. ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಇವನ ಮುಖ ಮತ್ತೆ ಹೇಗೆ ನೋಡಲಿ? ಅವನ ಎದುರೇ ಸಂಪಾದಕರಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದೆ.

"ಸರ್, ನೊರೆಗೆ ನಾನು ಕೊಟ್ಟ ಅಂಕ ಎಲ್ಲಾ ತಪ್ಪು. ನನ್ನ ತುಟಿಯ ಜಿಡ್ಡಿಂದ ಆದ ತಪ್ಪು. ನನ್ನ ಹೆಸರಲ್ಲೇ ಹಾಕಿ, ಮೊದಲ ಪುಟದಲ್ಲಿ."

"ತಲೆ ಕೆಟ್ಟಿದೆಯೇನಮ್ಮ? ಓದುಗರು ಮುಖಕ್ಕೆ ಉಗೀತಾರೆ!"

"ಉಗೀಲಿ ಸರ್, ಒರೆಸ್ಕೋತೀನಿ. ಎಲ್ಲಾ ಊರಿಗೂ ಮತ್ತೆ ಹೋಗಿ ಕುಡಿದು ಬರೀತೀನಿ. ಈ ಒಂದು ಬ್ರೂವರಿಗೆ ಮಾತ್ರ ಬೇರೆ ಯಾರನ್ನಾದ್ರೂ ಕಳಿಸಿ."

"ಯಾಕೆ, ಜಗಳ ಆಯ್ತಾ?"

ನಾನು ಅವನನ್ನು ನೋಡಿದೆ. ಈ ಸಲ ಅವನು ನೆಲ ನೋಡಲಿಲ್ಲ.

"ಇಲ್ಲ ಸರ್, ಪ್ರೀತಿ ಆಯ್ತು. ಇನ್ಮೇಲೆ ಇಲ್ಲಿಗೆ ನಾನು ಅಂಕ ಕೊಟ್ರೆ ನ್ಯಾಯ ಅಲ್ಲ."

ಫೋನ್ ಕಟ್ ಮಾಡಿದೆ. ಅವನು ಹೆದರಿ ಹೆದರಿ ಕೇಳಿದ: "ಹಾಗಾದ್ರೆ ಇನ್ನು ಇಲ್ಲಿಗೆ ಬರಲ್ವಾ?"

"ಬರ್ತೀನಿ," ಎಂದೆ. "ಪೆನ್ನು ತರಲ್ಲ, ಅಷ್ಟೇ."