ಫಿಶ್‌ಬೈನ್ ಆಂಟಿಯ ಟಿವಿ ಕೆಟ್ಟಿರಲಿಲ್ಲ

“ತಲೆ ತಗ್ಗಿಸೇ ಲೆನೋರ್! ನಿಮ್ಮಮ್ಮ ಏನು ನಿನ್ನ ಕೂದಲೊಳಗೆ ಬರ್ತಾಳಾ?” ಎಂದು ಟಿವಿ ಕಾಣದ ಮಾರ್ವಿನ್ ಹಿಂದಿನಿಂದ ಕಾಲಲ್ಲಿ ತಿವಿದ.

ಬೇರೆ ದಿನವಾಗಿದ್ದರೆ ಲೆನೋರ್ ತಿರುಗಿ ಒದೆಯುತ್ತಿದ್ದಳು. ಇವತ್ತು ಸುಮ್ಮನೆ ತಲೆ ತಗ್ಗಿಸಿದಳು.

ಬ್ರಾಂಕ್ಸ್ ಬಡಾವಣೆಯ ಆ ಕಟ್ಟಡದಲ್ಲಿ ಟಿವಿ ಇದ್ದದ್ದು ಮಾರ್ವಿನ್‌ನ ಅಮ್ಮ ಫಿಶ್‌ಬೈನ್ ಆಂಟಿಯ ಮನೆಯಲ್ಲಿ ಮಾತ್ರ. ಮಂಗಳವಾರ ಸಂಜೆ ಬಂತೆಂದರೆ ಎಲ್ಲ ಮಹಡಿಯವರೂ ಕುರ್ಚಿ ಹೊತ್ತು ಅಲ್ಲಿಗೇ ಬರುತ್ತಿದ್ದರು. ವಾರಕ್ಕೊಂದು ಹೊಸ ನಾಟಕ. ಅಲ್ಲಿ ಸ್ಟುಡಿಯೋದಲ್ಲಿ ಆಡುತ್ತಿರುವಾಗಲೇ ಇಲ್ಲಿ ಕಾಣುತ್ತದೆ. ಬಾಯಿ ತಪ್ಪಿದರೆ ತಪ್ಪಿದ್ದೇ, ತಿದ್ದುವಂತಿಲ್ಲ.

ಇವತ್ತಿನ ನಾಟಕದಲ್ಲಿ ಲೆನೋರಳ ಅಮ್ಮನೇ ನರ್ಸ್. ಕಾಯಿಲೆ ಬಿದ್ದ ಒಂದು ಮಗುವನ್ನು ಆಸ್ಪತ್ರೆಯವರು ಬಾಗಿಲಿಂದಲೇ ವಾಪಸ್ ಕಳಿಸುತ್ತಾರೆ. ಯಾಕೆ ಎಂದು ಡಾಕ್ಟರ್ ಕೇಳಿದಾಗ ಅಮ್ಮ ಹೇಳಬೇಕಾಗಿದ್ದದ್ದು ಇಷ್ಟು: “ಮಗುವಿನ ಬಣ್ಣ ಕಪ್ಪು. ಅದೊಂದೇ ಅದರ ತಪ್ಪು.”

ನಾಟಕಕ್ಕೆ ದುಡ್ಡು ಹಾಕುವ ಫ್ರಿಜ್ ಕಂಪನಿಯವರು ಆ ಮಾತನ್ನು ಹೊಡೆದುಹಾಕಿದರು. ಹಾಗೆಲ್ಲ ಮಾತಾಡಿದರೆ ಕರಿಯರನ್ನು ದೂರವಿಡುವ ದಕ್ಷಿಣದ ಊರುಗಳಲ್ಲಿ ನಮ್ಮ ಫ್ರಿಜ್ ಯಾರು ಕೊಳ್ಳುತ್ತಾರೆ? “ಹಾಸಿಗೆ ಖಾಲಿ ಇರಲಿಲ್ಲ” ಅಂದರೆ ಸಾಕು ಎಂದರು.

“ಹಾಸಿಗೆಯಂತೆ ಹಾಸಿಗೆ!” ಬೆಳಿಗ್ಗೆ ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತಾ ಅಮ್ಮ ಸಿಡಿಮಿಡಿಗುಟ್ಟಿದ್ದಳು. “ಇಡೀ ನಾಟಕದಲ್ಲಿ ನಿಜ ಅಂತ ಇದ್ದದ್ದು ಅದೊಂದೇ ಮಾತು.”

“ನೀನು ಹಾಸಿಗೆ ಅಂತಲೇ ಹೇಳ್ತೀಯಲ್ಲಾ ಅಮ್ಮಾ?”

ಅಮ್ಮ ಕೋಟು ಹಾಕಿಕೊಂಡು ಹೊರಟುಬಿಟ್ಟಳು.

ಆಗಿನಿಂದ ಲೆನೋರಳಿಗೆ ನೇಟ್ ಮಾವನದೇ ಯೋಚನೆ. ಅವನೂ ನಟನೇ ಆಗಿದ್ದ. ಒಂದು ಮೀಟಿಂಗಿನಲ್ಲಿ ಎದ್ದು ನಿಂತು ಇಂಥದ್ದೇ ಮಾತಾಡಿದ. ಆಮೇಲೆ ಯಾವ ಸ್ಟುಡಿಯೋದಿಂದಲೂ ಅವನಿಗೆ ಫೋನ್ ಬರಲಿಲ್ಲ. ಈಗ ಅಂಗಡಿಯಲ್ಲಿ ಮಂಡಿಯೂರಿ ಜನರ ಕಾಲಿಗೆ ಬೂಟು ತೊಡಿಸುತ್ತಾನೆ. ನಗುವುದನ್ನೇ ಮರೆತಿದ್ದಾನೆ.

“ಬಂದ್ಳು ನೋಡಿ, ನಮ್ಮ ಮೂರನೇ ಮಹಡಿಯವಳು!” ಆಂಟಿ ಚಪ್ಪಾಳೆ ತಟ್ಟಿದರು.

ಬಿಳಿ ಟೋಪಿ ಹಾಕಿಕೊಂಡ ಅಮ್ಮ. ಎದುರಿಗೆ ಡಾಕ್ಟರ್. “ಮಗುವನ್ನ ಯಾಕೆ ಸೇರಿಸಿಕೊಳ್ಳಲಿಲ್ಲ?”

ಹಾಸಿಗೆ ಅನ್ನು ಅಮ್ಮಾ. ದಮ್ಮಯ್ಯ, ಹಾಸಿಗೆ ಅನ್ನು.

ಅಮ್ಮ ಬಾಯಿ ತೆರೆದಳು. ಟಿವಿ ಮೂಕವಾಯಿತು.

“ಹಾಳಾದ್ದು! ಬೇಕಾದಾಗಲೇ ಕೈಕೊಡುತ್ತೆ!” ಫಿಶ್‌ಬೈನ್ ಆಂಟಿ ಪೆಟ್ಟಿಗೆಯ ತಲೆಗೆ ಎರಡು ಬಾರಿಸಿದರು.

“ನಿಮ್ಮಮ್ಮನ ಮುಖ ನೋಡಿ ಕೆಟ್ಟೋಯ್ತು ಕಣೇ,” ಎಂದ ಮಾರ್ವಿನ್.

ಕೆಟ್ಟಿಲ್ಲ. ಲೆನೋರಳಿಗೆ ಗೊತ್ತು. ಸ್ಟುಡಿಯೋದಲ್ಲಿ ಒಂದು ಗುಂಡಿ ಇದೆ. ಯಾರಾದರೂ ಮಾತು ಮರೆತರೆ ಅದನ್ನು ಒತ್ತಿ ದನಿ ನಿಲ್ಲಿಸುತ್ತಾರೆ, ಮರೆಯಲ್ಲಿ ನಿಂತು ಮಾತು ಹೇಳಿಕೊಡುತ್ತಾರೆ. “ಪಾಪ, ಜನ ತಮ್ಮ ಟಿವಿಗೇ ಗುದ್ದುತ್ತಾರೆ,” ಎಂದು ಅಮ್ಮ ಎಷ್ಟೋ ಸಲ ನಕ್ಕಿದ್ದಳು.

ಆದರೆ ಅಮ್ಮ ಮರೆತಿರಲಿಲ್ಲ. ಅವಳ ಬಾಯಿ ಆಡುತ್ತಲೇ ಇತ್ತು.

ಮನೆಯಲ್ಲಿ ಪುಟ್ಟ ತಮ್ಮ ಮಲಗಿದ್ದಾಗ ಅಮ್ಮ ದನಿಯಿಲ್ಲದೆ ನಾಟಕದ ಮಾತು ಒಪ್ಪಿಸುತ್ತಾಳೆ. ಲೆನೋರ್ ತುಟಿ ನೋಡಿಯೇ ತಪ್ಪು ಹಿಡಿಯುತ್ತಾಳೆ. ‘ಹಾಸಿಗೆ ಖಾಲಿ ಇರಲಿಲ್ಲ’ ಎನ್ನುವಾಗ ತುಟಿ ಒಮ್ಮೆಯೂ ಕೂಡುವುದಿಲ್ಲ. ಅಮ್ಮನ ತುಟಿಗಳು ಕೂಡಿದವು. ಬಿಟ್ಟವು. ಮತ್ತೆ ಕೂಡಿದವು, ಬಿಗಿಯಾಗಿ.

ಯಾರೋ ಮೊದಲೇ ಗುಂಡಿಯ ಮೇಲೆ ಬೆರಳಿಟ್ಟು ಕಾದಿದ್ದರು.

ದನಿ ಮರಳಿ ಬಂತು. ಅಷ್ಟರಲ್ಲಿ ಡಾಕ್ಟರ್ ಬೇರೇನೋ ಹೇಳುತ್ತಿದ್ದ. ನಾಳೆಯಿಂದ ನಮ್ಮನೆ ಫೋನೂ ಸುಮ್ಮನಾಗುತ್ತದೆ ಎಂದುಕೊಂಡಳು ಲೆನೋರ್. ಅಮ್ಮನೂ ನಗುವುದನ್ನು ಮರೆಯುತ್ತಾಳಾ?

“ಏನಂದಳೋ ಏನೋ,” ಆಂಟಿ ಪೇಚಾಡಿದರು. “ನಮ್ಮ ಟಿವಿ ಕೆಟ್ಟು ಕೂತಿತ್ತಲ್ಲ!”

ಲೆನೋರ್ ಎದ್ದು ನಿಂತಳು.

“ಟಿವಿ ಕೆಟ್ಟಿರ್ಲಿಲ್ಲ ಆಂಟಿ.”

“ಮತ್ತೆ?”

ಎಲ್ಲರೂ ಅವಳ ಕಡೆ ತಿರುಗಿದರು. ಈ ಕೋಣೆಯಲ್ಲಿ ಯಾರೂ ಒತ್ತುವಂಥ ಗುಂಡಿ ಇರಲಿಲ್ಲ.

“ಮಗುವಿನ ಬಣ್ಣ ಕಪ್ಪು,” ಎಂದಳು ಲೆನೋರ್. “ಅದೊಂದೇ ಅದರ ತಪ್ಪು.”