ಹನ್ನೆರಡು ಕಿಲೋಮೀಟರ್, ಹತ್ತು ನಿಮಿಷ

1999ರ ಆಗಸ್ಟ್ 17, ಮಂಗಳವಾರ. ಬೆಳಗ್ಗೆ 9.15ಕ್ಕೆ ಯುವರಾಜ್ ಎಂಬಾತ ಬೆಂಗಳೂರು ಹೊರವಲಯದ ತಲಘಟ್ಟಪುರ ಠಾಣೆಗೆ ಬಂದು ದೂರು ಬರೆದುಕೊಟ್ಟ. ಅಂಗನವಾಡಿಗೆ ಹೊರಟಿದ್ದ ಅವನ ತಾಯಿ ಮಂಗಮ್ಮನಿಗೆ ಕನಕಪುರ ರಸ್ತೆಯಲ್ಲಿ ವಾಹನವೊಂದು ಗುದ್ದಿ, ನಿಲ್ಲದೆ ಹೋಗಿತ್ತು. ಗುದ್ದಿದ ಮೇಲೂ ಆಕೆಯಲ್ಲಿ ಅರ್ಧ ಗಂಟೆ ಜೀವವಿತ್ತೆಂದು ವೈದ್ಯರು ಹೇಳಿದ್ದರು.

ಇನ್‌ಸ್ಪೆಕ್ಟರ್ ಜಯಸಿಂಹ ಎಫ್‌ಐಆರ್ ದಾಖಲಿಸಿ ಸ್ಥಳಕ್ಕೆ ಹೋದರು. ಪಂಚನಾಮೆಗೆ ಸಿಕ್ಕಿದ್ದು ಒಂದು ಚಪ್ಪಲಿ, ಹೆಡ್‌ಲೈಟಿನ ಗಾಜಿನ ಚೂರು. ಎಸ್‌ಟಿಡಿ ಬೂತಿನ ಮುನಿಯಣ್ಣ ಕಣ್ಣಾರೆ ಕಂಡಿದ್ದ.

"ಬಿಳಿ ವ್ಯಾನು ಸಾರ್. ತುಂಬ ಹೆಂಗಸರಿದ್ರು. ಆಗ ಎಂಟು ಇಪ್ಪತ್ತೈದು. ತಕ್ಷಣ ಆಸ್ಪತ್ರೆಗೆ ಫೋನ್ ಮಾಡ್ದೆ, ಬಿಲ್ಲಲ್ಲಿ ಟೈಮ್ ಇದೆ."

ಮುಂದಿದ್ದ ಗಾರ್ಮೆಂಟ್ಸ್ ಕಾರ್ಖಾನೆಗಳ ಗೇಟು ಪುಸ್ತಕಗಳನ್ನು ಹೆಡ್ ಕಾನ್‌ಸ್ಟೇಬಲ್ ಪಾಪಯ್ಯ ತಿರುವಿ ಹಾಕಿದ. ಆ ಹೊತ್ತಿನಲ್ಲಿ ಒಳಗೆ ಬಂದದ್ದು ಒಂದೇ ಬಿಳಿ ವ್ಯಾನು, 8.28ಕ್ಕೆ. ಅದರ ಎಡ ಹೆಡ್‌ಲೈಟು ಹೊಚ್ಚ ಹೊಸದು. ಚಾಲಕ ರಾಯಚೂರು ಕಡೆಯ ಮೌನೇಶ, ಬಿಟಿಎಂನಲ್ಲಿ ಬಾಡಿಗೆಗಿದ್ದವನು.

"ನಾ ಮೂವತ್ತರ ಮ್ಯಾಲೆ ಓಡ್ಸಂಗಿಲ್ರಿ. ಎಂಟು ಇಪ್ಪತ್ತೈದಕ್ಕ ಇನ್ನೂ ಕೋಣನಕುಂಟಿ ದಾಟಿದ್ದಿಲ್ಲ."

"ಬನಶಂಕರಿ ಬಿಟ್ಟಿದ್ದು?"

"ಎಂಟು ಹತ್ತಕ್ಕ. ಟೈಮ್ ಬರದ ಚೀಟಿ ಐತಿ."

ಜಯಸಿಂಹ ಜೀಪಿನಲ್ಲಿ ಆ ದಾರಿಯನ್ನು ಅಳೆದರು. ಗೇಟಿನವರೆಗೆ ಹನ್ನೆರಡು ಕಿಲೋಮೀಟರ್. ಮೂವತ್ತರ ವೇಗದಲ್ಲಿ ಓಡಲಿಕ್ಕೇ ಇಪ್ಪತ್ತನಾಲ್ಕು ನಿಮಿಷ ಬೇಕು. ಸಾರಕ್ಕಿಯಿಂದ ದೊಡ್ಡಕಲ್ಲಸಂದ್ರದವರೆಗೆ ನಾಲ್ಕು ಕಡೆ ಎರಡೆರಡು ನಿಮಿಷ ನಿಲುಗಡೆ. ಅವನು ಹೇಳಿದ್ದು ನಿಜವಾದರೆ ಗೇಟು ಸೇರಬೇಕಾದದ್ದು 8.42ಕ್ಕೆ. ಸೇರಿದ್ದು ಹದಿನೆಂಟೇ ನಿಮಿಷದಲ್ಲಿ. ನಿಂತ ಎಂಟು ಕಳೆದರೆ ಓಡಿದ್ದು ಹತ್ತು ನಿಮಿಷ. ಗಂಟೆಗೆ ಎಪ್ಪತ್ತೆರಡು. ಆ ವೇಗಕ್ಕೆ, ಗೇಟಿಗೆ ಮೂರೂವರೆ ಕಿಲೋಮೀಟರ್ ಹಿಂದಿರುವ ಮಂಗಮ್ಮ ಬಿದ್ದ ಜಾಗ ತಲುಪುವುದು ಸರಿಯಾಗಿ 8.25ಕ್ಕೆ.

ವ್ಯಾನಿನಲ್ಲಿದ್ದ ಹುಲಿಗೆವ್ವನನ್ನು ಕರೆಸಿದರು. ಆಕೆ ತಲೆ ಎತ್ತಲಿಲ್ಲ.

"ಸಪ್ಪಳಾತ್ರಿ. ನಾಯಿ ಅಂದ."

"ನೀವು ನೋಡಿದ್ರಾ?"

"ಸೀರಿ ಕಂಡಿತ್ರಿ."

"ನಿಲ್ಸು ಅಂತ ಯಾರೂ ಹೇಳ್ಲಿಲ್ವಾ?"

"ಎಂಟೂವರೆಗೆ ಗೇಟ್ ಹಾಕ್ತಾರ್ರಿ."

ಜಯಸಿಂಹ ಆ ಮಾತನ್ನೂ ಹೇಳಿಕೆಯಲ್ಲಿ ಬರೆದುಕೊಂಡರು. ವ್ಯಾನಿನಲ್ಲಿ ಹತ್ತೊಂಬತ್ತು ಜನರಿದ್ದರು.

ಮಾರನೆಯ ದಿನ ಸಂಜೆ 4.40ಕ್ಕೆ ಲೆಕ್ಕದ ಹಾಳೆಯನ್ನು ಮುಂದಿಟ್ಟಾಗ ಮೌನೇಶ ಅದನ್ನು ಎರಡು ಸಲ ಓದಿದ.

"ಎರಡ್ ಸಲ ಲೇಟಾಗಿತ್ರಿ ಸಾಹೇಬ್ರ. ಮೂರನೇ ಸಲಕ್ಕ ಕೆಲಸದಿಂದ ತೆಗೀತಾರ."

ಬಂಧಿಸಿದ ಮೇಲೆ ಅವನು ಕೇಳಿದ್ದು ಒಂದೇ ಮಾತು. "ಐದೂವರೆಗೆ ಕೆಲಸ ಬಿಡ್ತದ. ಆ ಹೆಣ್ಮಕ್ಕಳನ್ನ ಮನಿಗೆ ಯಾರು ಮುಟ್ಟಸ್ತಾರ?"

ಆ ಏರ್ಪಾಟು ಆಗಲೇ ಆಗಿತ್ತು. ಕಾರ್ಖಾನೆಗೆ ವ್ಯಾನು ಒದಗಿಸುತ್ತಿದ್ದ ಗುತ್ತಿಗೆದಾರ ಬೇರೆ ವ್ಯಾನು, ಬೇರೆ ಚಾಲಕನನ್ನು ಕಳಿಸಿದ್ದ. ಹೊಸಬನ ಜೇಬಿನಲ್ಲಿದ್ದ ವೇಳಾಪಟ್ಟಿಯನ್ನು ಪಾಪಯ್ಯ ತೆಗೆಸಿ ನೋಡಿದ. ಬನಶಂಕರಿ 8.10, ಗೇಟು 8.30; ಒಂದು ನಿಮಿಷವನ್ನೂ ಹೆಚ್ಚಿಸಿರಲಿಲ್ಲ.