ಬೇಲಿಯೊಳಗೆ ಉಳಿದ ಚಿಗರಿಗಳು

ಏಪ್ರಿಲ್ 22, ಬೆಳಿಗ್ಗೆ 10:20. ಔರಾದ ತಾಲೂಕಿನ ಠಾಣೆಯೊಂದಕ್ಕೆ ಸೋಲಾರ್ ಸ್ಥಾವರದ ಮ್ಯಾನೇಜರ್ ದೂರು ತಂದರು. ಚಿಂತಾಕಿ ಕಡೆಯ ಹುಲ್ಲುಗಾವಲಿಗೆ ಹಾಕಿದ್ದ ತಂತಿಬೇಲಿಯನ್ನು ಯಾರೋ ಮೂರನೆಯ ಸಲ ಕತ್ತರಿಸಿದ್ದರು. ಎಫ್‌ಐಆರ್ ದಾಖಲಾಯಿತು.

ಮಧ್ಯಾಹ್ನ ಪಿಎಸ್‌ಐ ಧಮ್ಮಪಾಲ ಮತ್ತು ಕಾನ್‌ಸ್ಟೇಬಲ್ ಅಂಬರೀನ ಸ್ಥಳಕ್ಕೆ ಹೋದರು. ಆಳೆತ್ತರದ ಬೇಲಿಯಲ್ಲಿ ಮೂರಡಿಯ ಕಿಂಡಿ. ಕೇಬಲ್ ಸುರುಳಿಗಳು ಕೈಗೆಟಕುವಂತಿದ್ದರೂ ಒಂದೂ ಹೋಗಿರಲಿಲ್ಲ. ಏನೂ ಕದಿಯದ ಕಳ್ಳ ಪೊಲೀಸರಿಗೆ ದೊಡ್ಡ ತಲೆನೋವು. ಕಿಂಡಿಯ ಬಳಿ ಗೊರಸಿನ ಗುರುತುಗಳಿದ್ದವು. ಆಡಿನವಿರಬೇಕೆಂದು ಧಮ್ಮಪಾಲ ಬರೆದುಕೊಂಡರು.

ಪಂಚನಾಮೆಗೆ ಪಂಚರು ಬೇಕಲ್ಲ. ಹತ್ತಿರದಲ್ಲೇ ಆಡು ಮೇಯಿಸುತ್ತಿದ್ದ ಉಸ್ಮಾನ ಮಿಯಾನನ್ನು ಕರೆದರೆ, ಅರವತ್ತು ದಾಟಿದ ಆ ಮನುಷ್ಯ ಪೆನ್ನನ್ನೇ ಮುಟ್ಟಲಿಲ್ಲ.

"ಇನ್ನ ಯಾವ ಕಾಗದಕ್ಕೂ ಸಹಿ ಹಾಕಲ್ರಿ ಸಾಹೇಬ್ರ."

ಬೇರೆ ಇಬ್ಬರ ಸಹಿ ಪಡೆದು, ಬೇಲಿ ರಿಪೇರಿ ಮಾಡಿಸಿ, ಹತ್ತಿರ ಯಾರನ್ನೂ ಬಿಡಬೇಡಿ ಎಂದು ಮ್ಯಾನೇಜರಿಗೆ ಹೇಳಿ ಧಮ್ಮಪಾಲ ಮರಳಿದರು. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುತ್ತಾರೆ. ಈತ ಹಿಂದೆ ಯಾವ ಕಾಗದಕ್ಕೆ ಸಹಿ ಹಾಕಿದ್ದ ಎಂದು ತಿಳಿಯಲು ಅವರು ಕಂಪನಿಯ ಹಳೆಯ ಕಡತ ತರಿಸಿದರು.

ಏಪ್ರಿಲ್ 25ರಂದು ಬಂದ ಕಡತದಲ್ಲಿ ಸ್ಥಾವರಕ್ಕೆ ಮುಂಚಿನ ಸಮೀಕ್ಷೆಯ ಹೇಳಿಕೆಯೊಂದಿತ್ತು: 'ಈ ಜಮೀನಿನಲ್ಲಿ ಕಾಡುಪ್ರಾಣಿಗಳಿಲ್ಲ.' ಕೆಳಗೆ ಉರ್ದು ಸಹಿ. ಅಂಬರೀನ ಓದಿದರು: ಉಸ್ಮಾನ ಮಿಯಾ.

ಸಂಜೆ 5ಕ್ಕೆ ಆತನ ಮನೆಯಲ್ಲಿ ತಂತಿ ಕತ್ತರಿಸುವ ಕಟರ್ ಸಿಕ್ಕಿತು. ಅದನ್ನಾತ ಬಚ್ಚಿಟ್ಟೂ ಇರಲಿಲ್ಲ. ಠಾಣೆಗೆ ಕರೆತಂದರು.

"ಯಾಕ ಕತ್ತರಿಸಿದ್ರಿ?"

"ಒಳಗ ಒಂಬತ್ತು ಚಿಗರಿ ಅವರಿ. ನೀರು ಹೊರಗ, ನಾಲಾದಾಗ ಅದ."

ಹುಟ್ಟಿದ ಜಾಗ ಬಿಡದ ಆ ಕೃಷ್ಣಮೃಗಗಳು ಕಿಂಡಿಯಿಂದ ಬಂದು ನೀರು ಕುಡಿದು, ಪ್ಯಾನಲ್‌ಗಳ ನೆರಳಿಗೆ ಮರಳುತ್ತಿದ್ದವಂತೆ.

"ಪ್ರಾಣಿ ಇಲ್ಲಂತ ನೀವೇ ಸಹಿ ಮಾಡೀರಲ್ಲ?"

ಮುದುಕ ತಲೆ ತಗ್ಗಿಸಿದ. "ಚಿಗರಿ ಅವ ಅಂದ್ರ ಫಾರೆಸ್ಟಿನವ್ರು ಬಂದು ಆಡು ಮೇಸ್ಲಾಕ ಬಿಡಲ್ಲ ಅಂತ ಅಂಜಿದ್ದೆರಿ."

ಆ ಒಂದು ಸುಳ್ಳಿನ ಸಂಕಟ ತಾಳಲಾರದೆ ಆತ ಮೂರು ಸಲ ಬೇಲಿ ಕತ್ತರಿಸಿದ್ದ. ಬಂಧನದ ಕಾಗದ ಬರೆಯುವಾಗ ಒಂದೇ ಮಾತು ಕೇಳಿದ: "ಕಿಂಡಿ ಮುಚ್ಚೀರೇನ್ರಿ?"

ಮುಚ್ಚಿ ಮೂರು ದಿನವಾಗಿತ್ತು. ಮುಚ್ಚಲು ಹೇಳಿದ್ದು ಧಮ್ಮಪಾಲರೇ. ಅವರು ಕೂಡಲೇ ಅಂಬರೀನರನ್ನು ಜೀಪಿನಲ್ಲಿ ಅಲ್ಲಿಗೆ ಕಳಿಸಿದರು. 6:40ಕ್ಕೆ ಅಂಬರೀನರ ಫೋನ್ ಬಂತು; ಧಮ್ಮಪಾಲ ಸ್ಪೀಕರ್ ಹಾಕಿದರು. ಬೇಲಿಗುಂಟ ನಾಲ್ಕು ಚಿಗರಿಗಳು ಸತ್ತುಬಿದ್ದಿದ್ದವು. ಉಳಿದವು ಏದುಸಿರು ಬಿಡುತ್ತ ಮಲಗಿದ್ದವು.

"ಗೇಟು ಆ ತುದಿಗಿ ಅದರಿ. ತಂತಿ ಕತ್ತರಿಸ್ಲೇನ್ರಿ ಸರ್?"

"ಕತ್ತರಿಸ್ರಿ. ಕೇಳಿದ್ರ ನನ್ನ ಹೆಸರು ಹೇಳ್ರಿ."

ಬೆಂಚಿನ ಮೇಲಿದ್ದ ಉಸ್ಮಾನ ಮಿಯಾ ಎಲ್ಲ ಕೇಳಿಸಿಕೊಂಡ. ಎಷ್ಟು ಉಳಿದವು ಎಂದು ಆತ ಕೇಳಲಿಲ್ಲ.